ಬರಿಗೈಯಲ್ಲಿ ಬಂದ ಒಂದನೇ ತಾರೀಖಿನವರಿಗೆ

ಹನ್ನೆರಡು ತಿಂಗಳ ಬಾಗಿಲಲ್ಲೂ ಮೊದಲಿಗರಾಗಿ ನಿಲ್ಲುವ, ಗೋಡೆಗೆ ತೂಗುಹಾಕಿದ ಕ್ಯಾಲೆಂಡರುಗಳಲ್ಲೆಲ್ಲ ಅಗ್ರಸ್ಥಾನ ಪಡೆದಿರುವ, ಸಂಬಳದವರ ಮುಖದಲ್ಲಿ ಮಂದಹಾಸವನ್ನೂ ಬಾಡಿಗೆಯವರ ಎದೆಯಲ್ಲಿ ನಡುಕವನ್ನೂ ಏಕಕಾಲಕ್ಕೆ ಮೂಡಿಸಬಲ್ಲ ಶ್ರೀಯುತ ಒಂದನೇ ತಾರೀಖಿನವರ ಸನ್ನಿಧಿಗೆ, ಕೈಗಳನ್ನು ಜೋಡಿಸಿಕೊಂಡು ಆದರೆ ಹಲ್ಲುಗಳನ್ನು ಕಚ್ಚಿಕೊಂಡು ಬರೆದುಕೊಳ್ಳುವ ಬಹಿರಂಗ ಪತ್ರ.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ಬಲ್ಲೆ. ಇಲ್ಲದೆ ಏನು? ತಮಗೆ ನೆಗಡಿಯಾಗಿ ಒಂದು ತಿಂಗಳು ಎರಡನೇ ತಾರೀಖಿನಿಂದಲೇ ಶುರುವಾಯಿತೆಂದು ಯಾರೂ ಕೇಳಿಲ್ಲ. ಒಂದು ದಿನ ರಜೆ ಹಾಕಿದವರಲ್ಲ, ಅರ್ಧ ಗಂಟೆ ತಡವಾಗಿ ಬಂದವರಲ್ಲ. ತಮ್ಮ ಈ ಶಿಸ್ತಿಗೆ ತಲೆಬಾಗುತ್ತಲೇ, ತಾವು ನಮ್ಮ ಮನೆಗೆ ಕೈ ಬೀಸಿಕೊಂಡು ಬರುವ ಚಾಳಿಯನ್ನು ಯಾವಾಗಿನಿಂದ ರೂಢಿಸಿಕೊಂಡಿರಿ, ಮತ್ತು ಹಾಗೆ ಬರುವಾಗ ಜೊತೆಯಲ್ಲಿ ಮನೆ ಮಾಲೀಕರನ್ನೂ ಏಕೆ ಕರೆತರುತ್ತೀರಿ ಎಂಬುದನ್ನು ವಿನಯದಿಂದ ವಿಚಾರಿಸುವುದೇ ಈ ಪತ್ರದ ಉದ್ದೇಶ.

ನನ್ನ ಪರಿಚಯ ತಮಗೆ ಮರೆತಿರಬಹುದು. ನಾನು ಫ್ಯಾನ್ ತಯಾರಿಸುವ ಕಂಪನಿಯೊಂದರ ಮೂರನೇ ಮಹಡಿಯಲ್ಲಿ, ಪಕ್ಕದ ಕಟ್ಟಡದ ಗೋಡೆಯನ್ನೇ ಪ್ರಕೃತಿಯೆಂದು ತಿಳಿದುಕೊಂಡು ನೋಡಬೇಕಾದ ಕಿಟಕಿಯ ಬಳಿ ಕೂತು, ಗ್ರಾಹಕರ ದೂರುಗಳಿಗೆ ಉತ್ತರ ಬರೆಯುತ್ತಿದ್ದವಳು. ಫ್ಯಾನು ಕಿರುಗುಟ್ಟುತ್ತದೆ ಎಂದವರಿಗೆ, ಗಾಳಿ ಬರುವುದಿಲ್ಲ ಎಂದವರಿಗೆ, ಗಾಳಿಯೆಲ್ಲ ತನ್ನ ಹೆಂಡತಿಯ ಕಡೆಗೇ ಹೋಗುತ್ತದೆ ಎಂದು ಮೂರು ಪುಟ ಬರೆದಿದ್ದ ಮಹನೀಯರಿಗೆ, ಎಲ್ಲರಿಗೂ ಬೆಣ್ಣೆಯಲ್ಲಿ ಅದ್ದಿ ತೆಗೆದಂಥ ಉತ್ತರ ಬರೆದು, ಕೆಳಗೆ ‘ಗ್ರಾಹಕ ಸೇವಾ ವಿಭಾಗ’ ಎಂದು ಸಹಿ ಹಾಕುತ್ತಿದ್ದೆ. ಆ ದಿನಗಳಲ್ಲಿ ತಾವು ಬರುತ್ತಿದ್ದ ವೈಖರಿಯೇ ಬೇರೆ. ನಾನಿನ್ನೂ ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಷ್ಟರಲ್ಲಿ ದಿಂಬಿನ ಪಕ್ಕದ ಫೋನು ‘ಟಿಣ್’ ಎನ್ನುತ್ತಿತ್ತು, ಸಂಬಳ ಬಂದಿರುತ್ತಿತ್ತು. ನಾಟಕ ಮಂದಿರದಲ್ಲಿ ದೀಪ ಹಾಕುವ ನನ್ನ ಗಂಡನಿಗೆ ಪ್ರದರ್ಶನವಿದ್ದರೆ ಹಣ, ಇಲ್ಲದಿದ್ದರೆ ಬರೀ ಚಪ್ಪಾಳೆ. ಹಾಗಾಗಿ ನಮ್ಮ ಸಂಸಾರವು ಒಂದು ಕಾಲನ್ನು ಗಾಳಿಯಲ್ಲೂ ಇನ್ನೊಂದನ್ನು ತಮ್ಮ ಹೆಗಲ ಮೇಲೂ ಇಟ್ಟುಕೊಂಡು ಸುಖವಾಗಿತ್ತು.

ಇಂಥ ಸುಖವನ್ನು ನಾನೇಕೆ ಬಿಟ್ಟೆ ಎಂದು ತಾವು ಕೇಳಬಹುದು. ಅದಕ್ಕೆ ಕಾರಣ ಒಂದು ಗಿಳಿ.

ನಮ್ಮ ಬೀದಿಯ ಕೊನೆಯಲ್ಲಿರುವ ಕನ್ನಡಕದ ಅಂಗಡಿಯವರು ಸಾಕಿದ್ದ ಆ ಗಿಳಿಗೆ ಒಂದೇ ವಾಕ್ಯ ಬರುತ್ತಿತ್ತು. ಅದು ಅಂಗಡಿಯ ಮೇಲಿನ ಮನೆಯಲ್ಲಿದ್ದ ನಿವೃತ್ತ ಶಿಕ್ಷಕಿಯ ಹಾಡುಗಾರಿಕೆಯ ಕುರಿತಾದದ್ದು, ಮತ್ತು ಪ್ರಶಂಸೆಯಲ್ಲ. ಅಂಗಡಿಯವರು ಕಂಪ್ಯೂಟರಿನಿಂದ ಬರೆಸಿದ ಕ್ಷಮಾಪಣೆ ಪತ್ರವನ್ನು ಕೊಟ್ಟಾಗ, ‘ನಿಮ್ಮ ಭಾವನೆಗಳು ನಮಗೆ ಅತ್ಯಮೂಲ್ಯ’ ಎಂಬ ಮೊದಲ ಸಾಲನ್ನು ಓದಿಯೇ ಆಕೆ ಅದನ್ನು ನಾಲ್ಕು ಚೂರು ಮಾಡಿದರಂತೆ. ಆಮೇಲೆ ಅಂಗಡಿಯವರು ನನ್ನಲ್ಲಿಗೆ ಬಂದರು. ನಾನು ಆಕೆಯ ಹಾಡನ್ನು ಅಂಗಡಿಯ ಗೋಡೆಗೆ ಕಿವಿಯಿಟ್ಟು ಎರಡು ಸಂಜೆ ಕೇಳಿ, ಗಿಳಿಗೆ ತಾಳಜ್ಞಾನವಿಲ್ಲವೆಂದೂ, ಅದಕ್ಕೆ ಪಾಠ ಹೇಳಬಲ್ಲವರು ಈ ಕಟ್ಟಡದಲ್ಲಿ ಒಬ್ಬರೇ ಇದ್ದಾರೆಂದೂ ಬರೆದುಕೊಟ್ಟೆ. ಈಗ ಗಿಳಿ ಮಧ್ಯಾಹ್ನ ಮಧ್ಯಾಹ್ನ ಮೇಲಿನ ಮನೆಗೆ ಹೋಗುತ್ತದೆ. ಅಂಗಡಿಯವರು ಕನ್ನಡಕ ಕೊಳ್ಳಲು ಬಂದವರಿಗೆಲ್ಲ ಈ ಕಥೆಯನ್ನು ಬಿಟ್ಟಿಯಾಗಿ ಕೊಟ್ಟು ಕಳಿಸಿದ್ದರಿಂದ, ರಾಜೀನಾಮೆ, ರಾಜಿ, ರಜೆ, ಮುನಿಸು, ಮನವಿ ಎಂದು ಪತ್ರ ಬರೆಸುವವರು ನನ್ನ ಫೋನಿನಲ್ಲಿ ಸಾಲುಗಟ್ಟಿದರು. ‘ನಿಮ್ಮ ಪತ್ರ, ನಮ್ಮ ಕೈಬರಹ’ ಎಂದು ಆನ್‌ಲೈನಿನಲ್ಲಿ ಒಂದು ಪುಟ ತೆರೆದೆ. ನಮ್ಮ ಎಂದರೆ ನಾನು.

ಕೆಲವೇ ತಿಂಗಳಲ್ಲಿ ಸಂಜೆಯ ಗಳಿಕೆ ಹಗಲಿನ ಗಳಿಕೆಯ ಮೊಣಕಾಲಿನವರೆಗೆ ಬಂತು. ನನ್ನ ಅಕ್ಕ ಸಹಕಾರಿ ಬ್ಯಾಂಕೊಂದರಲ್ಲಿ ಕ್ಯಾಷಿಯರ್. ಒಂದು ಲೋಟ ನೀರು ಕೊಡುವಾಗಲೂ ಗಾಜಿನ ಕಿಂಡಿಯೊಳಗಿಂದ ಕೈ ಚಾಚಿದ ಹಾಗೆ ಕೊಡುವುದರಿಂದ ಮನೆಯಲ್ಲಿ ಅವಳ ಹೆಸರು ಕೌಂಟರ್ ಅಕ್ಕ. ಅವಳು, “ಆರು ತಿಂಗಳ ಖರ್ಚು ಪಕ್ಕಕ್ಕಿಡು, ಆಮೇಲೆ ಬೇಕಾದ್ರೆ ಕೆಲಸ ಬಿಡು, ನಾನು ಬೇಡ ಅನ್ನಲ್ಲ” ಎಂದಳು. ಇಟ್ಟೆ. ಕೆಲಸ ಬಿಟ್ಟೆ. ಕೊನೆಯ ದಿನ ನಮ್ಮ ಮ್ಯಾನೇಜರು ನನ್ನ ರಾಜೀನಾಮೆಯನ್ನು ಎರಡು ಸಲ ಓದಿ, ಎಷ್ಟು ಚೆನ್ನಾಗಿ ಬರೆದಿದ್ದೀರಿ ಎಂದು ಮೆಚ್ಚಿ, ಕೈ ಕುಲುಕುತ್ತ, “ಒಂದನೇ ತಾರೀಖು ಬರತ್ತಲ್ಲಮ್ಮ, ಆಗ ಗೊತ್ತಾಗತ್ತೆ” ಎಂದರು. ತಮ್ಮ ಹೆಸರನ್ನು ಒಬ್ಬ ಮನುಷ್ಯ ಬೆದರಿಕೆಯಾಗಿ ಬಳಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮಾನ್ಯರೇ, ಮೊದಲ ತಿಂಗಳು ನನ್ನ ಕಾಲು ನೆಲದ ಮೇಲಿರಲಿಲ್ಲ. ಬೆಳಿಗ್ಗೆ ಬಸ್ಸಿಗೆ ಓಡುವವರನ್ನು ಬಾಲ್ಕನಿಯಿಂದ ನೋಡಿ ಕೈ ಬೀಸುತ್ತಿದ್ದೆ. ಒಬ್ಬಿಬ್ಬರು ತಿರುಗಿ ಬೀಸಿದರು, ಉಳಿದವರು ಬೈದಿರಬೇಕು. ಕೆಲಸವೂ ಹರಿದು ಬಂತು. ಹಿಂದಿನ ಸಂಬಳದ ಒಂದೂವರೆ ಪಟ್ಟು ಖಾತೆಯಲ್ಲಿ ಕೂತಿರುವುದನ್ನು ಕಂಡು, ಆರು ತಿಂಗಳ ಉಳಿತಾಯವು ಇನ್ನು ನನಗೆ ಭಾರವೇ ಹೊರತು ಆಸರೆಯಲ್ಲವೆಂದು ತೀರ್ಮಾನಿಸಿ, ಅದನ್ನು ಹಗುರ ಮಾಡಲು ಹೊರಟೆ. ಬೆನ್ನಿಗೆ, ಕತ್ತಿಗೆ, ಮೊಣಕೈಗೆ ಬೇರೆಬೇರೆ ಹಿಡಿಕೆಗಳಿರುವ, ವಿಮಾನ ಚಾಲಕರಿಗೆ ತಕ್ಕದಾದ ತಿರುಗುವ ಕುರ್ಚಿಯೊಂದು ಅರ್ಧ ನಗದು, ಅರ್ಧ ಕಂತಿನ ಮೇಲೆ ಮನೆಗೆ ಬಂತು. ವಿಡಿಯೋ ಕರೆಯಲ್ಲಿ ಹಿಂದೆ ಕಾಣಲೆಂದು ಪುಸ್ತಕದ ಕಪಾಟು ಬಂತು, ಕಪಾಟು ಖಾಲಿ ಕಾಣಬಾರದೆಂದು ಪುಸ್ತಕಗಳು ಬಂದವು, ಪುಸ್ತಕಗಳ ಮೇಲೆ ಬೆಳಕು ಬೀಳಲೆಂದು ದೀಪ ಬಂತು. ಆ ದೀಪವನ್ನು ಮಾತ್ರ ನನ್ನ ಗಂಡ ಮೂರು ಸಲ ಜಾಗ ಬದಲಿಸಿ, “ಇಲ್ಲಿಂದ ಬಿದ್ರೆ ನೀನು ವಿಲನ್ ಥರ ಕಾಣ್ತೀಯ, ಇಲ್ಲಿಂದ ಬಿದ್ರೆ ನಾಯಕಿ” ಎಂದು ಕಾಳಜಿಯಿಂದ ಹಚ್ಚಿಕೊಟ್ಟ.

ಎರಡನೇ ತಿಂಗಳು ದೊಡ್ಡ ಹೋಟೆಲೊಂದು ನನ್ನನ್ನು ಹುಡುಕಿಕೊಂಡು ಬಂತು. ಅತಿಥಿಗಳು ಇಂಟರ್‌ನೆಟ್ಟಿನಲ್ಲಿ ಹಾಕಿದ ದೂರುಗಳಿಗೆಲ್ಲ ಉತ್ತರ ಬರೆಯಬೇಕಿತ್ತು. ಬೇರೆ ಕೆಲಸ ಬದಿಗಿಟ್ಟು ತಿಂಗಳಿಡೀ ಬರೆದೆ. ಸೋಪು ಚಿಕ್ಕದು ಎಂದವರಿಗೂ, ಸಮುದ್ರದ ಸದ್ದು ಜಾಸ್ತಿ ಎಂದವರಿಗೂ ಬರೆದೆ. ಬಿಲ್ಲು ಕಳಿಸಿದ ಮೇಲೆ ಅವರ ಲೆಕ್ಕದ ವಿಭಾಗದವರು ಬಹಳ ಮೃದುವಾಗಿ, “ಒಂದನೇ ತಾರೀಖು ಕಳೀಲಿ ಮೇಡಂ, ನೋಡೋಣ” ಎಂದರು. ಯಾವ ತಿಂಗಳ ಒಂದನೇ ತಾರೀಖು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಕೇಳಿದರೆ ದುರಾಸೆಯೆಂದುಕೊಂಡಾರು ಎಂಬ ಸಂಕೋಚ.

ಆಗ ತಾವು ಬಂದಿರಿ. ಅದೇ ಗಾಂಭೀರ್ಯ, ಅದೇ ಸಮಯಪಾಲನೆ. ಫೋನು ‘ಟಿಣ್’ ಎಂದಿತು. ಮನೆ ಮಾಲೀಕರ ಸಂದೇಶ. ಮತ್ತೆ ‘ಟಿಣ್’, ಕುರ್ಚಿಯ ಕಂತು. ಮತ್ತೆ ‘ಟಿಣ್’ ಎಂದಾಗ ಹೋಟೆಲಿನವರೇ ಇರಬೇಕೆಂದು ಫೋನಿಗೆ ಹಾರಿದೆ. ಅದು ಬ್ಯಾಂಕಿನವರು, ‘ನಿಮ್ಮಂಥ ಸಂಬಳದಾರರಿಗೆ ವಿಶೇಷ ಸಾಲ ಸಿಗುತ್ತದೆ’ ಎಂದು ಶುಭಾಶಯ ಕೋರಿದ್ದರು. ತಾವು ಆ ದಿನ ಬಾಗಿಲಲ್ಲಿ ನಿಂತ ಭಂಗಿಯನ್ನು ನೋಡಿದರೆ, ಇಷ್ಟು ವರ್ಷ ಒಟ್ಟಿಗೆ ಊಟ ಮಾಡಿದವರೆಂದು ಯಾರೂ ಹೇಳುತ್ತಿರಲಿಲ್ಲ. ಉಳಿತಾಯ ತೆಗೆದು ಬಾಡಿಗೆ ಕೊಟ್ಟೆ. ಕೊಟ್ಟು, ಅಕ್ಕನಿಗೆ ಫೋನು ಮಾಡಿದೆ.

ಅವಳು ಬಂದು ಮೊದಲು ಆ ಕುರ್ಚಿಯಲ್ಲಿ ಕೂತಳು. ಎಲ್ಲ ಹಿಡಿಕೆಗಳನ್ನೂ ಎಳೆದು ನೋಡಿದಳು. ಒಂದು ಸುತ್ತು ತಿರುಗಿದಳು. ಆಮೇಲೆ ಕಪಾಟನ್ನು ನೋಡಿ, “ಇವನ್ನೆಲ್ಲ ಓದಿದೀಯಾ?” ಎಂದಳು. ನಾನು ಕಪಾಟಿನ ದೀಪ ಆರಿಸಿದೆ. “ತೆರಿಗೆಗೆ ಎಷ್ಟು ತೆಗೆದಿಟ್ಟಿದೀಯ?” ಎಂದಳು. ಸಂಬಳವಿದ್ದಾಗ ತೆರಿಗೆಯೆಂಬುದು ನನ್ನ ಕಣ್ಣಿಗೆ ಬೀಳುವ ಮೊದಲೇ ಕಂಪನಿಯವರು ಕತ್ತರಿಸುತ್ತಿದ್ದ ಉಗುರಿನಂಥ ವಸ್ತು. ಅದನ್ನು ನಾನೇ ಕತ್ತರಿಸಬೇಕೆಂಬುದು ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

“ಬಂದ ದುಡ್ಡೆಲ್ಲ ನಿಂದೇ ಅಂದ್ಕೊಂಡ್ಯಾ? ಅದರಲ್ಲೊಂದು ಪಾಲು ತೆರಿಗೆದು. ಅದು ನಿನ್ನ ಮನೇಲಿ ತಂಗಿರೋ ನೆಂಟ ಅಷ್ಟೆ, ಅದರ ಜೇಬಿಗೆ ಕೈ ಹಾಕ್ಬೇಡ. ಇನ್ನೊಂದು ಪಾಲು ಕೆಲಸ ಇಲ್ಲದ ತಿಂಗಳಿಗೆ. ಆರೋಗ್ಯ ವಿಮೆ ಕಂಪನೀದು ನಿಂತುಹೋಯ್ತಲ್ಲ, ಬೇರೆ ಮಾಡಿಸಿದ್ಯಾ?”

“ನನಗೇನಾಗಿದೆ ಅಕ್ಕ?”

“ಏನೂ ಆಗಿಲ್ಲ. ಅದಕ್ಕೇ ಈಗಲೇ ಮಾಡಿಸು ಅನ್ನೋದು.”

ಸಾಲ ಕೇಳಬೇಕೆಂದು ಬಾಯಿ ತೆರೆದೆ. ಅವಳು ಗಾಜಿನ ಕಿಂಡಿ ಮುಚ್ಚಿದಂತೆ ಮುಖ ಮಾಡಿ, “ಸಾಲ ಕೊಡಲ್ಲ. ಕೊಟ್ರೆ ಇನ್ನೊಂದು ಕುರ್ಚಿ ತರ್ತೀಯ. ಬೇರೆ ಖಾತೆ ತೆಗಿ. ಬರೋದೆಲ್ಲ ಅಲ್ಲಿಗೆ ಹೋಗ್ಲಿ. ಅಲ್ಲಿಂದ ನಿನಗೆ ನೀನೇ ತಿಂಗಳಿಗೊಂದ್ಸಲ ಸಂಬಳ ಕೊಟ್ಕೋ. ಜಾಸ್ತಿ ಬಂದ ತಿಂಗಳೂ ಅಷ್ಟೇ, ಕಮ್ಮಿ ಬಂದ ತಿಂಗಳೂ ಅಷ್ಟೇ” ಎಂದಳು. ಹೋಗುವಾಗ ಕುರ್ಚಿಯಿಂದ ಏಳಲು ಅವಳಿಗೇ ಸ್ವಲ್ಪ ಕಷ್ಟವಾಯಿತು ಎಂಬುದನ್ನು ನ್ಯಾಯಕ್ಕಾಗಿ ಇಲ್ಲಿ ದಾಖಲಿಸುತ್ತೇನೆ. ವಾರದೊಳಗೆ ಕುರ್ಚಿಯನ್ನು ಕೊಂಡವರು ಹಲ್ಲಿನ ವೈದ್ಯರು. ಕಪಾಟಿಗೆ ಗಿರಾಕಿ ಸಿಗದೆ ಅದರಲ್ಲೀಗ ಪಾತ್ರೆಗಳಿವೆ.

ಹೀಗೆ, ಮಾನ್ಯರೇ, ನಾನು ನನ್ನ ಕೈಕೆಳಗೆ ಕೆಲಸಕ್ಕೆ ಸೇರಿದೆ. ಅಡುಗೆಮನೆಯ ಮೇಜಿನ ಬಳಿ ಸಂದರ್ಶನ ನಡೆಯಿತು. ಗಂಡ ಆಯ್ಕೆ ಸಮಿತಿಯಾಗಿ ಕೂತು, ಹಿಂದಿನ ಕೆಲಸ ಏಕೆ ಬಿಟ್ಟಿರಿ, ಕುರ್ಚಿ ಕೊಳ್ಳುವ ಹವ್ಯಾಸವಿದೆಯೇ ಎಂದು ಕೇಳಿದ. ಹಿಂದಿನ ಸಂಬಳದ ಮುಕ್ಕಾಲು ಪಾಲಿಗೆ ನೇಮಕಾತಿಯಾಯಿತು. ಯಜಮಾನಿ ಎಂಥವಳೆಂದು ಸೇರಿದ ಮೇಲೆ ಗೊತ್ತಾಯಿತು. ಜ್ವರವೆಂದು ರಜೆ ಕೇಳಿದರೆ ಥರ್ಮಾಮೀಟರು ತೋರಿಸು ಎನ್ನುವಳು. ಮುಂಗಡ ಹಣ ಕೋರಿ ನಾನು ಬರೆದ ಮನವಿಗೆ, ಸಂಸ್ಥೆಯ ಬಗ್ಗೆ ತಾವಿಟ್ಟಿರುವ ವಿಶ್ವಾಸಕ್ಕೆ ಆಭಾರಿಗಳಾಗಿದ್ದು, ಪ್ರಸ್ತುತ ಪರಿಸ್ಥಿತಿಯಲ್ಲಿ ಅದನ್ನು ಪರಿಶೀಲಿಸಲಾಗದೆಂದು ವಿಷಾದಿಸುತ್ತೇವೆ ಎಂದು ನಾನೇ ಉತ್ತರ ಬರೆದೆ; ಓದಿ ಕಣ್ಣಲ್ಲಿ ನೀರು ಬಂತು, ಅಷ್ಟು ಅಚ್ಚುಕಟ್ಟಾಗಿತ್ತು. ಗಂಡ ಎರಡೂ ಕಾಗದಗಳನ್ನು ಓದಿ, “ನಿನ್ನ ಯಜಮಾನಿ ಮಹಾ ಕಟುಕಿ. ಆದ್ರೂ ನೀನು ಬಿಡಬೇಡ, ಈಗಿನ ಕಾಲದಲ್ಲಿ ಕೆಲಸ ಸಿಗೋದು ಕಷ್ಟ” ಎಂದು ಸಮಾಧಾನ ಮಾಡಿದ. ನಾವಿಬ್ಬರೂ ನಗುತ್ತ ನಗುತ್ತ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆವು.

ಆದರೆ ನಗುವಿನಿಂದ ಖಾತೆ ತುಂಬುವುದಿಲ್ಲವಲ್ಲ. ಹೋಟೆಲಿನವರ ಹಣ ಬಂದಿರಲಿಲ್ಲ. ನಾಟಕ ಮಂದಿರಕ್ಕೆ ಸುಣ್ಣ ಬಣ್ಣ ಹೊಡೆಯುತ್ತಿದ್ದುದರಿಂದ ಗಂಡನಿಗೆ ಚಪ್ಪಾಳೆಯೂ ಇರಲಿಲ್ಲ. ನಾನು ನನಗೆ ಕೊಡಬೇಕಾದ ಸಂಬಳವನ್ನು ಬಾಕಿ ಉಳಿಸಿಕೊಳ್ಳುವ ಸ್ಥಿತಿಗೆ ಬಂದು, ನನ್ನ ಮುಖ ನಾನೇ ತಪ್ಪಿಸಿಕೊಂಡು ಓಡಾಡತೊಡಗಿದೆ. ಆ ಸಮಯಕ್ಕೆ ಸರಿಯಾಗಿ ಹಳೆಯ ಮ್ಯಾನೇಜರು ಫೋನು ಮಾಡಿದರು. ನನ್ನ ಜಾಗಕ್ಕೆ ಬಂದವರು ಒಬ್ಬ ಗ್ರಾಹಕನಿಗೆ ‘ಬೇಕಾದರೆ ಕಿಟಕಿ ತೆಗೆಯಿರಿ’ ಎಂದು ಉತ್ತರ ಬರೆದಿದ್ದರಂತೆ. “ವಾಪಸ್ ಬಂದ್ಬಿಡಿ ಅಮ್ಮ. ಅದೇ ಸೀಟು, ಅದೇ ಸಂಬಳ. ಒಂದನೇ ತಾರೀಖಿನ ಒಳಗೆ ಹೇಳಿ” ಎಂದರು.

ಇಲ್ಲಿಯೂ ತಾವೇ. ನಾನು ನಿಜವಾಗಿ ಅಲುಗಾಡಿದ್ದು ಆಗ. ಹಳೆಯ ಗುರುತಿನ ಚೀಟಿಯನ್ನು ಹುಡುಕಿ ಕೊರಳಿಗೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತೆ. ಚೀಟಿಯಲ್ಲಿದ್ದವಳು ಚೆನ್ನಾಗಿ ಉಂಡು ಮಲಗಿದವಳಂತೆ ಕಂಡಳು. ಗಂಡ ಬಾಗಿಲಿಗೆ ಒರಗಿ ನೋಡುತ್ತಿದ್ದವನು, ಹೋಗು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. “ಹೋಗೋದಾದ್ರೆ ಹೋಗು. ಆದ್ರೆ ಆ ಹೋಟೆಲಿನವರಿಗೆ ಹೆದರಿ ಹೋಗ್ಬೇಡ” ಎಂದ.

“ಹೆದರಿಕೆ ಅಲ್ಲ ರೀ. ನನ್ನ ದುಡ್ಡು ಕೊಡಿ ಅಂತ ನಾನೇ ಹೇಗೆ ಕೇಳ್ಲಿ?”

“ಆ ಗಿಳಿಯವರಿಗೆ ಹೋಟೆಲಿಂದ ಬಾಕಿ ಬರಬೇಕಿತ್ತು ಅಂದ್ಕೋ. ಅವರು ನಿನ್ನ ಹತ್ರ ಬಂದಿದಾರೆ. ಬರೆದುಕೊಡಲ್ವಾ?”

ಬರೆದುಕೊಡದೆ? ಕೂತು ಒಂದೇ ಉಸಿರಿಗೆ ಬರೆದೆ. ಹೋಟೆಲಿನ ಅತಿಥಿಯೊಬ್ಬರು ತಿಂದುಂಡು ಮಲಗಿ, ಬಿಲ್ಲು ಬಂದಾಗ ‘ಒಂದನೇ ತಾರೀಖು ಕಳೆಯಲಿ’ ಎಂದು ಪೆಟ್ಟಿಗೆ ಎತ್ತಿಕೊಂಡು ಹೊರಟರೆ ಬಾಗಿಲಲ್ಲಿ ನಿಂತವರು ಅವರಿಗೆ ಸಲಾಮು ಹೊಡೆಯುತ್ತಾರೆಯೇ, ಹಾಗಿದ್ದಲ್ಲಿ ದಯಮಾಡಿ ತಿಳಿಸಿದರೆ ನಾವು ಸಂಸಾರ ಸಮೇತ ಬಂದು ತಂಗುವೆವು ಎಂದು ಕೇಳಿದೆ. ಬಾಕಿ ಮೊತ್ತವನ್ನು ಮುಜುಗರವಿಲ್ಲದೆ ಅಂಕಿಯಲ್ಲೂ ಅಕ್ಷರದಲ್ಲೂ ನಮೂದಿಸಿದೆ. ಗಂಡ ಓದಿ, “ಈಗ ಗಿಳಿಯವರ ಹೆಸರು ಹೊಡೆದುಹಾಕಿ ನಿನ್ನ ಹೆಸರು ಬರಿ” ಎಂದ. ಮಾನ್ಯರೇ, ಸಾವಿರಾರು ಪತ್ರ ಬರೆದ ಕೈ ಅಲ್ಲಿ ನಿಂತಿತು. ಇಷ್ಟು ವರ್ಷ ಕೆಳಗೆ ವಿಭಾಗದ ಹೆಸರಿತ್ತು, ಇಲ್ಲವೇ ಬೇರೆಯವರ ಹೆಸರಿತ್ತು. ನನಗೆ ಬೇಕಾದದ್ದನ್ನು ನಾನು ನನ್ನ ಹೆಸರಿನಲ್ಲಿ ಕೇಳಿದ ಒಂದು ಕಾಗದವೂ ಈ ಭೂಮಿಯ ಮೇಲಿರಲಿಲ್ಲ. ಬರೆದೆ. ಅಕ್ಷರ ಸ್ವಲ್ಪ ಸೊಟ್ಟಗಾಯಿತು. ಫೋಟೋ ತೆಗೆದು ಕಳಿಸಿ, ಫೋನನ್ನು ದಿಂಬಿನ ಕೆಳಗೆ ತುರುಕಿ, ಯಾರೋ ಅಟ್ಟಿಸಿಕೊಂಡು ಬರುತ್ತಿರುವಂತೆ ಬೀದಿಯಲ್ಲಿ ಎರಡು ಸುತ್ತು ನಡೆದು ಬಂದೆ.

ಆ ವಾರವೇ ಹಣ ಬಂತು, ಪೂರ್ತಿ. ಜೊತೆಗೆ ಆ ಮೃದು ದನಿಯವರ ಟಿಪ್ಪಣಿ: ಇಂಥ ಸೊಗಸಾದ ತಗಾದೆ ತಮಗೆ ಬಂದೇ ಇರಲಿಲ್ಲವೆಂದೂ, ತಮಗೆ ಬಾಕಿ ಕೊಡಬೇಕಾದವರಿಗೂ ಇಂಥವೇ ಕೆಲವನ್ನು ಬರೆದುಕೊಡಬಹುದೇ ಎಂದೂ. ಬರೆದುಕೊಡುತ್ತೇನೆ, ಅರ್ಧ ಹಣ ಮೊದಲೇ ಎಂದೆ. ಮರುಮಾತಿಲ್ಲದೆ ಕಳಿಸಿದರು! ನೆಂಟನ ಪಾಲನ್ನು ನೆಂಟನಿಗೆ ತೆಗೆದಿಟ್ಟು, ಖಾಲಿ ತಿಂಗಳ ಪಾಲನ್ನು ಒಳಗೆ ಸೇರಿಸಿ, ವಿಮೆಗೆ ಕಟ್ಟಿ, ಬಾಕಿಯಿದ್ದ ನನ್ನ ಸಂಬಳವನ್ನು ನಾನು ನನಗೆ ಕೊಟ್ಟಾಗ, ಯಜಮಾನಿ ಮತ್ತು ನೌಕರಳು ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಳ್ಳಲು ಹೋಗಿ ಕಪಾಟಿನ ಪಾತ್ರೆಗಳು ಉರುಳಿದವು.

ಮ್ಯಾನೇಜರಿಗೆ ಫೋನು ಮಾಡಿ, ಬರುವುದಿಲ್ಲ, ಕ್ಷಮಿಸಿ ಎಂದೆ. ಅವರು ದನಿ ತಗ್ಗಿಸಿ, “ಅಲ್ಲಮ್ಮ, ಒಂದು ರಾಜೀನಾಮೆ ಪತ್ರಕ್ಕೆ ನೀವು ಎಷ್ಟು ತಗೋತೀರಿ?” ಎಂದರು. ಯಾರಿಗೆ ಎಂದೆ. “ನನಗೇ. ಊಟದ ಡಬ್ಬಿ ಜೋಡಿಸೋದನ್ನ ಆನ್‌ಲೈನಲ್ಲಿ ಹೇಳ್ಕೊಡೋಣ ಅಂತಿದೀನಿ. ನಮ್ಮ ಆಫೀಸಲ್ಲಿ ನನ್ನ ಡಬ್ಬಿ ನೋಡಿ ಎಲ್ಲರೂ ಹೊಗಳ್ತಾರೆ.” ನಾನು ನಗಲಿಲ್ಲ. ಆರು ತಿಂಗಳ ಖರ್ಚು ಪಕ್ಕಕ್ಕಿಟ್ಟಿದ್ದೀರಾ, ತೆರಿಗೆಗೆ ಬೇರೆ ಖಾತೆ ಇದೆಯಾ, ವಿಮೆ ಇದೆಯಾ ಎಂದು ಅಕ್ಕನ ದನಿಯಲ್ಲಿ ಕೇಳಿ, ಇಲ್ಲ ಎಂದಾಗ, ಇವು ಆಗುವವರೆಗೆ ಆ ಪತ್ರ ಬರೆಯುವುದಿಲ್ಲವೆಂದು, ಬರುವ ಹಣವನ್ನು ಜೀವನದಲ್ಲಿ ಮೊದಲ ಸಲ ನಿರಾಕರಿಸಿದೆ. ಹೊಸ ಕುರ್ಚಿ ಕೊಳ್ಳಬೇಡಿ ಎಂದೂ ಸೇರಿಸಿದೆ. “ಈಗಾಗಲೇ ತಗೊಂಡೆನಲ್ಲಮ್ಮ” ಎಂದರು.

ಇನ್ನು ಕೊನೆಯ ವಿಷಯ. ಇದನ್ನು ತಮಗೆ ಹೇಗೆ ತಿಳಿಸುವುದೆಂದು ಬಹಳ ಯೋಚಿಸಿದ್ದೇನೆ, ದೊಡ್ಡವರು, ನೊಂದುಕೊಳ್ಳಬಾರದು. ಮೊನ್ನೆ ನಾಟಕ ಮಂದಿರ ಬಣ್ಣ ಬಳಿದುಕೊಂಡು ಮತ್ತೆ ತೆರೆಯಿತು. ಕಚೇರಿಗೆ ಹೋಗುತ್ತಿದ್ದಷ್ಟು ಕಾಲ ನನ್ನ ಗಂಡ ಬೆಳಕು ಹೊಂದಿಸುವ ಹಗಲಿನ ತಾಲೀಮನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಆ ದಿನ ಎರಡು ಪತ್ರಗಳನ್ನು ಬೆಳಿಗ್ಗೆಯೇ ಮುಗಿಸಿ, ಯಜಮಾನಿಯ ಅನುಮತಿ ಪಡೆದು ಹೋಗಿ, ಖಾಲಿ ಸಭಾಂಗಣದ ನಡುವಿನ ಸಾಲಿನಲ್ಲಿ ಒಬ್ಬಳೇ ಕೂತೆ. ಅವನು ಮೇಲೆಲ್ಲೋ ಏಣಿಯ ತುದಿಯಲ್ಲಿ ನಿಂತು, ಬರಿಯ ವೇದಿಕೆಯ ಮೇಲೆ ಮೊದಲು ಒಂದು ಬೆಳಗನ್ನು ತಂದ, ಅಳಿಸಿದ, ಆಮೇಲೆ ಒಂದು ಸಂಜೆಯನ್ನು ತಂದ. ಅಲ್ಲಿ ಯಾವ ತಾರೀಖೂ ಇರಲಿಲ್ಲ. “ಹೇಗಿದೆ?” ಎಂದು ಕತ್ತಲಿನಿಂದ ಕೂಗಿದ. ನಾನು ಚಪ್ಪಾಳೆ ತಟ್ಟಿದೆ.

ಅದಾಗಿ ಎರಡು ದಿನದ ಮೇಲೆ ಮೆಟ್ಟಿಲಲ್ಲಿ ಎದುರಾದ ಮನೆ ಮಾಲೀಕರು ನನ್ನನ್ನು ನೋಡಿ ನಕ್ಕರು. ಅವರು ನಗುವವರಲ್ಲ. ಏನು ಕೇಡು ಕಾದಿದೆಯೋ ಎಂದು ಗಾಬರಿಯಿಂದ ನಿಂತರೆ, “ಬಾಡಿಗೆ ಬಂತಮ್ಮ, ಮೊನ್ನೆ ಬೆಳಿಗ್ಗೆ ಬೆಳಿಗ್ಗೆನೇ ಬಂದಿತ್ತು” ಎಂದು ಮೇಲಕ್ಕೆ ಹೋದರು. ಬ್ಯಾಂಕಿಗೆ ನಾನೇ ಹೇಳಿಟ್ಟಿದ್ದಂತೆ ಅದು ತಾನಾಗಿ ಹೋಗಿತ್ತು. ನನ್ನ ಸಂಬಳವೂ ತಾನಾಗಿ ಬಂದಿತ್ತು. ಮೆಟ್ಟಿಲ ಮೇಲೆ ನಿಂತು ಬೆರಳು ಮಡಿಚಿ ಲೆಕ್ಕ ಹಾಕಿದೆ. ನಾನು ಕತ್ತಲಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದ ದಿನವೇ ತಾವು ಬಂದಿದ್ದಿರಿ. ಬಂದು, ನಿಂತು, ಹೋಗಿದ್ದಿರಿ. ಮಾನ್ಯರೇ, ನನಗೆ ಗೊತ್ತೇ ಆಗಲಿಲ್ಲ.

ಈ ಅಗೌರವಕ್ಕೆ ಕ್ಷಮೆಯಿರಲಿ. ಮುಂದೆಯೂ ಇದೇ ರೀತಿ ನನ್ನ ಗಮನಕ್ಕೆ ಬಾರದಂತೆ ಬಂದು ಹೋಗುವ ಕೃಪೆ ಮಾಡಬೇಕೆಂದು ಬೇಡಿಕೊಳ್ಳುತ್ತ,

ಇಂದಿಗೂ ಬಾಡಿಗೆ ಮನೆಯ, ಎಂದಿಗೂ ತಮ್ಮ ವಿಶ್ವಾಸಿ,
ಯಜಮಾನಿ ಹಾಗೂ ಏಕೈಕ ನೌಕರಳು,
‘ನಿಮ್ಮ ಪತ್ರ, ನಮ್ಮ ಕೈಬರಹ’

ತಾ.ಕ.: ಈ ಪತ್ರಕ್ಕೆ ಘನತೆಯಿಂದ ಉತ್ತರಿಸಲು ತಮಗೆ ಬರವಣಿಗೆಯ ನೆರವು ಬೇಕಿದ್ದಲ್ಲಿ ನನ್ನ ದರಪಟ್ಟಿಯನ್ನು ಲಗತ್ತಿಸಿದ್ದೇನೆ. ಅರ್ಧ ಹಣ ಮುಂಗಡ. ಒಂದನೇ ತಾರೀಖು ಕಳೆಯಲಿ ನೋಡೋಣ ಎಂಬ ಮಾತನ್ನು ಯಾರು ಬೇಕಾದರೂ ಆಡಬಹುದು, ತಾವು ಆಡುವಂತಿಲ್ಲ.